ಕಾರಿನ ಕೆಳಗಿನ ಕುಂಕುಮ

ಹೊಳಲ್ಕೆರೆ,
ಸೋಮವಾರ, 17-11-2025

ಪ್ರೀತಿಯ ಮಗಳು ಕಾವ್ಯಶ್ರೀಗೆ ಅಪ್ಪನ ಆಶೀರ್ವಾದಗಳು.

ಹೇಗಿದ್ದೀಯ ತಾಯಿ? ಕಾಲಿನ ಊತ ಇಳಿಯಿತೇ? ಡಾಕ್ಟರು ಉಪ್ಪು ಕಡಿಮೆ ಮಾಡು ಎಂದಿದ್ದಾರೆ, ನೀನು ಉಪ್ಪಿನಕಾಯಿ ಜಾಡಿ ಕಂಡರೆ ಬಿಡುವವಳಲ್ಲ, ಸ್ವಲ್ಪ ತಡೆದುಕೋ. ಅಳಿಯಂದಿರು ಓಬಳೇಶ್, ಬೀಗರು, ಬೀಗಿತ್ತಿಯವರು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನನ್ನ ಬಿ.ಪಿ. ನಾರ್ಮಲ್. ಫೋನಿರುವಾಗ ಕಾಗದ ಯಾಕೆ ಎಂದು ನಗಬೇಡ. ಫೋನಿನಲ್ಲಿ "ಊಟ ಆಯ್ತಾ ಅಪ್ಪ", "ಆಯ್ತಮ್ಮ" ಎಂದಾದ ಮೇಲೆ ಇಬ್ಬರಿಗೂ ಮಾತು ಸಿಗುವುದಿಲ್ಲ. ನಿಮ್ಮ ಮನೆಯಲ್ಲಿ ಫೋನು ಯಾವಾಗಲೂ ನಡುಮನೆಯಲ್ಲಿ, ಸ್ಪೀಕರಿನಲ್ಲಿ. ನಾನು ಇಲ್ಲಿ ಕೆಮ್ಮಿದರೆ ಹಿರಿಯೂರಿನ ಅರ್ಧ ಬೀದಿಗೆ ಕೇಳುತ್ತದೆ. ಮೊದಲಾದರೆ ನಡುವೆ ಮಾತು ತುಂಬುವುದಕ್ಕೆ ನಿಮ್ಮಮ್ಮ ಇದ್ದಳು.

ಸಮಾಚಾರವೆಂದರೆ ನಮ್ಮ ಕಾರಿನದು. ಈ ಸಲ ಆಯುಧಪೂಜೆ ನಾನೊಬ್ಬನೇ ಮಾಡಿದೆ. ಎಲ್ಲಿಗೆ ಎಷ್ಟು ಕುಂಕುಮ ಎಂಬ ಅಳತೆ ಗೊತ್ತಿದ್ದವಳು ನಿಮ್ಮಮ್ಮ. ನಾನು ಬಾನೆಟ್ಟಿಗೆ, ಚಕ್ರಕ್ಕೆ, ದೀಪಕ್ಕೆ ಎಲ್ಲ ಕಡೆ ಕುಂಕುಮ ಮೆತ್ತಿದೆ. ಬೂದುಗುಂಬಳದೊಳಗೂ ಒಂದು ಪೊಟ್ಟಣ ಪೂರ್ತಿ ಸುರಿದು ಗೇಟಿನ ಮುಂದೆ ಒಡೆದೆ. ಅಂಗಳವೆಲ್ಲ ಕೆಂಪು. ಅದಾದ ಮೇಲೆ ದಿನಾ ಬೆಳಿಗ್ಗೆ ಕಾರಿನ ಮೂತಿಯ ಕೆಳಗೆ ಕೆಂಪು ಹನಿ ಬಿದ್ದಿರುತ್ತಿತ್ತು. ಕುಂಕುಮ ಇಬ್ಬನಿಗೆ ಕರಗಿ ಇಳಿಯುತ್ತಿದೆ ಎಂದುಕೊಂಡು ದಿನಾ ಒಂದು ಚೊಂಬು ನೀರು ಹಾಕಿ ತೊಳೆಯುತ್ತಿದ್ದೆ. ಅಷ್ಟು ದಿನ ಇಳಿಯುವಷ್ಟು ಕುಂಕುಮ ಯಾವ ಕಾರಿನ ಮೇಲಿರುತ್ತದೆ? ಕಾಲೇಜಿನಲ್ಲಿ ನಮ್ಮ ಫಿಸಿಕ್ಸ್ ಮೇಷ್ಟ್ರು 'ಅಬ್ಸರ್ವೇಷನ್ ಫಸ್ಟ್, ಕನ್‌ಕ್ಲೂಷನ್ ಆಫ್ಟರ್‌ವರ್ಡ್ಸ್' ಎನ್ನುತ್ತಿದ್ದರು. ಮುಂದೆಯೂ ಏನೋ ಇತ್ತು, ನೆನಪಿಲ್ಲ.

ಕುಬಸದ ಹಿಂದಿನ ದಿನ ನಿನ್ನ ಸೀಮಂತದ ಸೀರೆ, ಹೂವು, ಬಳೆ ತರಲು ಪೇಟೆಗೆ ಹೊರಟೆ. ತಿರುವಿನಲ್ಲಿ ಸ್ಟೇರಿಂಗ್ ಕಲ್ಲಾಯಿತು. ಎರಡು ಕೈ ಹಾಕಿ ಎಳೆದರೆ ಒಳಗಿನಿಂದ ನರಳುವ ಸದ್ದು. ಹೇಗೋ ಮನೆಗೆ ತಂದು ನಿಲ್ಲಿಸಿದೆ. ಗ್ಯಾರೇಜಿನ ರೌಫ್ ಸಾಹೇಬರು ಮದುವೆಗೆಂದು ದಾವಣಗೆರೆಗೆ ಹೋಗಿದ್ದರು. ಬೆಳಿಗ್ಗೆ ಬಸ್ಸು ಹತ್ತಿ ಹಿರಿಯೂರಿಗೆ ಬಂದೆ. ಉಳಿದದ್ದು ನೀನೇ ನೋಡಿದ್ದೀಯ. ಕುಬಸ ಮುಗಿಸಿ ಮಗಳನ್ನು ತವರಿಗೆ ಕರೆದುಕೊಂಡು ಹೋಗಬೇಕಾದವನು ಕೈಚೀಲ ಹಿಡಿದು ಬಸ್ಸಿನಿಂದ ಇಳಿದು ಬಂದರೆ ನೋಡಿದವರು ಏನೆಂದುಕೊಳ್ಳಬೇಕು? ಬೀಗಿತ್ತಿಯವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಬಸ್ಸಿಗೆ ಬಂದ್ರಾ? ಆತು ಬಿಡ್ರಿ, ಬಾಣಂತನ ಇಲ್ಲೇ ಮಾಡ್ತೀವಿ. ಹೆಣ್ಣು ದಿಕ್ಕಿಲ್ಲದ ಮನೇಲಿ ನಿಮಗೂ ತ್ರಾಸು." ನಾನು ಹೂಂ ಎಂದೆ. ನೀನೂ ಹೂಂ ಎಂದೆ. ಆದರೆ ಅದಕ್ಕೂ ಮೊದಲು ನೀನು ಬಾಗಿಲಿಗೆ ಬಂದು ನನ್ನ ಬೆನ್ನ ಹಿಂದೆ, ಬೀದಿಯ ತುದಿಯವರೆಗೂ ಕಣ್ಣು ಹಾಯಿಸಿದೆಯಲ್ಲ, ಅದು ಇನ್ನೂ ನನ್ನ ಕಣ್ಣಲ್ಲಿದೆ.

ವಾಪಸು ಬಂದವನು ಹನಿಯನ್ನು ಬೆರಳಲ್ಲಿ ಮುಟ್ಟಿ ನೋಡಿದೆ. ಜಿಗುಟು, ಎಣ್ಣೆ ವಾಸನೆ. ಸ್ಟೇರಿಂಗ್ ಆಯಿಲ್ಲು ಕೆಂಪಗಿರುತ್ತದೆ ಮಗಳೇ! ಬಾನೆಟ್ಟು ಎತ್ತಿದರೆ ಅದರ ಡಬ್ಬಿ ತಳ ಕಂಡಿತ್ತು. ಹನಿ ಬೀಳುವುದು ಒಂದು ಕಡೆ, ಸೋರುವುದು ಇನ್ನೊಂದು ಕಡೆ. ಸೀಮೆಎಣ್ಣೆ ಬಟ್ಟೆಯಲ್ಲಿ ಪೈಪುಗಳನ್ನೆಲ್ಲ ಒರೆಸಿ, ಒಣಗಿಸಿ, ಮೇಲೆ ಪೌಡರು ಉದುರಿಸಬೇಕು. ಎಲ್ಲಿ ಪೌಡರು ಮೊದಲು ನೆನೆಯುತ್ತದೋ ಅಲ್ಲೇ ಸೋರಿಕೆ. ಇದನ್ನು ಮೊಬೈಲಿನಲ್ಲಿ ನೋಡಿ ಕಲಿತೆ. ಮನೆಯಲ್ಲಿದ್ದದ್ದು ಬಚ್ಚಲ ಕನ್ನಡಿಯ ಹಿಂದಿನ ನಿಮ್ಮಮ್ಮನ ಪೌಡರ್ ಡಬ್ಬಿ ಒಂದೇ. ಅಲುಗಾಡಿಸಿದೆ, ಇನ್ನೂ ಇತ್ತು. ಉದುರಿಸಿ, ಹೊಸ ಆಯಿಲ್ಲು ಹಾಕಿ, ಎಂಜಿನ್ ಚಾಲೂ ಮಾಡಿದೆ. ಬಿಸಿಗೆ ಆ ಪೌಡರಿನ ವಾಸನೆ ಅಂಗಳದ ತುಂಬ ಹರಡಿತು. ನಾನು ಪೈಪು ನೋಡುವುದನ್ನೇ ಮರೆತು ನಿಂತುಬಿಟ್ಟೆ. ಆಮೇಲೆ ಬಗ್ಗಿ ನೋಡಿದರೆ ಆಯಿಲ್ಲು ಡಬ್ಬಿಗೆ ಮರಳುವ ರಬ್ಬರ್ ಪೈಪಿನ ತುದಿಯಲ್ಲಿ, ಕ್ಲಿಪ್ಪಿನ ಕೆಳಗೆ, ಬಿಳಿಯ ನಡುವೆ ಕೆಂಪಗೆ ಒಂದು ಚುಕ್ಕೆ. ಹಣೆಗೆ ಇಟ್ಟಂತೆ.

ಎಂಜಿನ್ ಆರಿದ ಮೇಲೆ ಬಿರುಕು ಬಿಟ್ಟ ತುದಿಯನ್ನು ಕತ್ತರಿಸಿ, ಪೈಪನ್ನು ಒಳಕ್ಕೆ ತಳ್ಳಿ, ಹೊಸ ಕ್ಲಿಪ್ಪು ಬಿಗಿದೆ. ಕಷ್ಟವಾದದ್ದು ಅದಲ್ಲ. ಒಳಗೆ ಸೇರಿದ ಗಾಳಿ ತೆಗೆಯಬೇಕಲ್ಲ, ಅದಕ್ಕೆ ಒಬ್ಬರು ಸ್ಟೇರಿಂಗ್ ತಿರುಗಿಸುತ್ತಿರಬೇಕು, ಒಬ್ಬರು ಗುಳ್ಳೆ ನೋಡುತ್ತಾ ಆಯಿಲ್ಲು ಹಾಕುತ್ತಿರಬೇಕು. ಮೊದಲಾದರೆ ಡ್ರೈವರ್ ಸೀಟಿನ ಅಂಚಿನಲ್ಲಿ ಕುಳಿತು "ಎಡಕ್ಕೋ ಬಲಕ್ಕೋ ಸರಿಯಾಗಿ ಹೇಳ್ರೀ" ಎಂದು ಗದರಲು ಒಬ್ಬಳಿದ್ದಳು. ನಾನೇ ಒಂದು ಸಲ ತಿರುಗಿಸಿ ಇಳಿದು ಓಡಿ ಬಂದು ನೋಡುವುದು, ಮತ್ತೆ ಹತ್ತುವುದು, ಹೀಗೆ ಮಾಡುತ್ತಿದ್ದೆ. ಕಾಂಪೌಂಡಿನ ಆಚೆಯಿಂದ ಚಂದ್ರಕ್ಕ ನೋಡಿದರು. "ಏನಣ್ಣಾ, ಕಾರಿನ ಸುತ್ತ ಪ್ರದಕ್ಷಿಣೆ ಹಾಕಾಕೆ ಹತ್ತೀರಿ? ಹರಕೆ ಏನಾದ್ರೂ ಐತಾ?"

ಅವರನ್ನೇ ಸೀಟಿನಲ್ಲಿ ಕೂರಿಸಿದೆ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಿದ್ದೆ, ಗೇರು ನ್ಯೂಟ್ರಲ್. ಆದರೂ ಎಂಜಿನ್ ಗುಂಯ್ ಎಂದಿದ್ದೇ "ಅಯ್ಯೋ ಅಣ್ಣಾ, ಓಡ್ತೈತೆ, ಹಿಡ್ಕಳ್ರೋ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. ಸ್ವಲ್ಪ ಹೊತ್ತಿಗೆ ಧೈರ್ಯ ಬಂದು "ಇದು ಒಳಕಲ್ಲು ತಿರುವಿದಂಗೇ ಐತೆ ಬಿಡ್ರಿ" ಎಂದು ಒಂದೇ ಸಮ ತಿರುಗಿಸಿದರು. ಗುಳ್ಳೆ ನಿಂತವು. ನರಳುವುದು ನಿಂತಿತು. ಮಾರನೆಯ ದಿನ ಕೆಳಗೆ ಹಾಸಿದ್ದ ಪೇಪರು ಒಣಗಿಯೇ ಇತ್ತು. ನಿನ್ನೆ ರಾಮಗಿರಿಯವರೆಗೂ ಹೋಗಿ ಬಂದೆ. ಒಂದೇ ಕೈಯಲ್ಲಿ ತಿರುಗುತ್ತದೆ. ಬಂದು ಬಾನೆಟ್ಟು ಎತ್ತಿ ನೋಡಿದೆ, ಹನಿಯಿಲ್ಲ. ಆದರೆ ಹೇಳಿ ಹಿಗ್ಗಲು ಮನೆಯಲ್ಲಿ ಯಾರಿದ್ದಾರೆ? ಬಾಗಿಲು ತೆಗೆದು "ಸರಿ ಹೋಯ್ತು ಕಣೇ" ಎಂದುಬಿಟ್ಟೆ.

ಈ ಕಾಗದವನ್ನು ಮನೆಯವರಿಗೂ ಓದಿ ಹೇಳು, ಕುಂಕುಮದ ಕಥೆಗೆ ನಗಲಿ. ಎಲ್ಲರಿಗೂ ನನ್ನ ನಮಸ್ಕಾರ. ಹೊತ್ತು ಹೊತ್ತಿಗೆ ಉಣ್ಣು, ಭಾರ ಎತ್ತಬೇಡ. ನಿನಗೂ ಒಳಗಿರುವ ಪುಟ್ಟ ಜೀವಕ್ಕೂ ಒಳ್ಳೆಯದಾಗಲಿ.

ಇಂತಿ ನಿನ್ನ ಅಪ್ಪ,
ತಿಪ್ಪೇರುದ್ರಪ್ಪ

ಮರೆತದ್ದು: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಇದನ್ನು ನೀನೊಬ್ಬಳೇ ಓದು. ಆ ದಿನ ಕಾರಿನಿಂದ ಇಳಿಯುವಾಗ ಚಂದ್ರಕ್ಕ "ಯಾರನ್ನ ಕರ್ಕಂಡು ಬರಾಕೆ ಇಷ್ಟು ಪಾಡು?" ಎಂದು ಕೇಳಿದರು. ನಾನು ಬಾನೆಟ್ಟು ಮುಚ್ಚಿದೆ. ಅವರೇ "ಹುಡುಗೀನ ಕರ್ಕಂಡು ಬರ್ರಿ, ಎಣ್ಣೆ ನೀರು ನಾನು ಹಾಕ್ತೀನಿ, ಕೂಸಿಗೆ ನೀರು ಹಾಕಾಕೂ ನಾನಿದೀನಿ" ಎಂದರು. ನಿಮ್ಮಮ್ಮನ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ನಿನಗೆ ಬರುವ ಮನಸ್ಸಿದ್ದರೆ ಫೋನಿನಲ್ಲಿ "ಕಾರು ಹೆಂಗೈತಪ್ಪ" ಎಂದು ಕೇಳು, ಅಷ್ಟು ಸಾಕು. ಬೀಗರ ಹತ್ತಿರ ನಾನೇ ಮಾತಾಡಿ, ಮರುದಿನ ಬೆಳಿಗ್ಗೆ ನಿಮ್ಮ ಬಾಗಿಲಲ್ಲಿ ಕಾರು ನಿಲ್ಲಿಸುತ್ತೇನೆ. ಅಲ್ಲೇ ಇರುವುದು ನಿನಗೆ ಹಿತವೆನಿಸಿದರೆ ನನಗೇನೂ ಬೇಸರವಿಲ್ಲ. ಎಂದಿನಂತೆ ಊಟ ಆಯ್ತಾ ಎಂದು ಕೇಳು. ನಾನು ಆಯ್ತಮ್ಮ ಎನ್ನುತ್ತೇನೆ.