ಕರುಳು ಮುಟ್ಟುವುದು ಬೇಡ ಎಂದವನು

ಸ್ವಾತಿಯ ಅವ್ವಾ,

ಸ್ವಾತಿ ಹುಟ್ಟುವ ಮೊದಲು ನಿನ್ನನ್ನು ಏನೆಂದು ಕರೆಯುತ್ತಿದ್ದೆನೋ ಈಗ ನೆನಪಾಗುತ್ತಿಲ್ಲ. ಆಮೇಲೆ ಇಪ್ಪತ್ತಾರು ವರ್ಷ ಹೀಗೇ ಕರೆದೆ. ನೀನು ಹೋದ ಮೇಲೆ ನಮ್ಮ ದ್ರಾಕ್ಷಿಗೆ ಎರಡು ಸಲ ಚಾಟಣಿ ಆಯಿತು. ಎರಡು ಸಲವೂ ಬಳ್ಳಿಗೆ ಕತ್ತರಿ ಹಾಕುವವರ ಹಿಂದೆ ನಾನೊಬ್ಬನೇ ನಿಂತಿದ್ದೆ. ನಿನಗೆ ಒಂದು ಸುದ್ದಿ ಹೇಳಬೇಕು. ಆದರೆ ಅದನ್ನು ಹೇಳಬೇಕೆಂದರೆ ಹಿಂದಿನಿಂದ ಬರಬೇಕು. ಗೊತ್ತಿದ್ದದ್ದನ್ನೇ ಮತ್ತೆ ಹೇಳುತ್ತಿದ್ದೇನೆ ಅನ್ನಿಸಿದರೆ ತಡೆದುಕೋ. ಗೊತ್ತಿದ್ದರೂ ನಾವಿಬ್ಬರೂ ಬಾಯಿಬಿಟ್ಟು ಆಡಲಿಲ್ಲವಲ್ಲ.

ಆ ದಿನ ನೀನು ತೋಟದಲ್ಲಿ ನೆಲಕ್ಕೆ ಕುಳಿತದ್ದು ನೆನಪಿದೆಯೇ? ಕೆಳಗಿನ ಗೊಂಚಲು ಕಟ್ಟಲು ಕುಳಿತವಳಿಗೆ ಏಳಲು ಆಗಲಿಲ್ಲ. ಹೆಣ್ಣಾಳುಗಳು ಬುತ್ತಿ ಬಿಚ್ಚಲು ಬಾವಿಯ ಕಡೆ ಹೋಗಿದ್ದರು. ಅವರು ಉಂಡು ಬರುವ ತನಕ ನೀನು ಅಲ್ಲೇ, ಬಳ್ಳಿಯ ಕೆಳಗೆ, ಒಂದು ತಾಸು ಸುಮ್ಮನೆ ಕುಳಿತಿದ್ದೆ. ನಾನು ಆಚೆ ಬದಿಗೇ ಔಷಧ ಕಲಸುತ್ತಿದ್ದೆ. ಒಂದು ಕೂಗು ಹಾಕಿದ್ದರೆ ಕೇಳಿಸುತ್ತಿತ್ತು. ಯಾಕೆ ಕರೆಯಲಿಲ್ಲ ಎಂದು ಕೇಳಿದಾಗ ನೀನು ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದೆ: “ಕೂಗಿದ್ರ ನಾಕ್ ಮಂದಿ ಬಂದು ಚೀಲ ಎತ್ತಿದಂಗ ಎತ್ತತಿದ್ರು. ಅದಕ್ಕಿಂತ ಕುಂತಿದ್ದ ಚಲೋ ಅನಸ್ತು.” ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ನಾ ತೂಕ ಇಳಸೂ ಆಪರೇಶನ್ ಮಾಡಿಸ್ಕೋತೇನ್ರಿ” ಅಂದೆ. ಮೊಣಕಾಲಿನ ಡಾಕ್ಟರು ತೂಕ ಇಳಿಯದೆ ಮೊಣಕಾಲು ಮುಟ್ಟುವುದಿಲ್ಲ ಎಂದಿದ್ದರು. ಸಕ್ಕರೆ ಕಾಯಿಲೆ ಹತ್ತು ವರ್ಷದಿಂದ ಇತ್ತು. ನೀನು ರೊಟ್ಟಿ ಅರ್ಧ ಮಾಡಿದ್ದೆ, ಅನ್ನ ಬಿಟ್ಟಿದ್ದೆ, ನಿಪ್ಪಾಣಿಯ ಯಾರೋ ಕೊಟ್ಟ ಕಷಾಯ ಕುಡಿದಿದ್ದೆ. ಏನು ಮಾಡಿದರೂ ಇಳಿದದ್ದು ಮೂರು ತಿಂಗಳಿಗೆ ಮತ್ತೆ ಏರುತ್ತಿತ್ತು. ನಿನ್ನ ನಿರ್ಧಾರಕ್ಕೆ ನಾನು ಅಡ್ಡ ಬರಲಿಲ್ಲ. ಅಷ್ಟರಮಟ್ಟಿಗೆ ಒಳ್ಳೆಯವನಾಗಿದ್ದೆ.

ಕಾಗವಾಡದ ಗಡಿ ದಾಟಿ ಮರಾಠಿ ಸೀಮೆಯ ಆ ದೊಡ್ಡ ಆಸ್ಪತ್ರೆಗೆ ಮೊದಲ ಸಲ ಹೋದಾಗ ನೀನು ಹಸಿರು ಇಲಕಲ್ ಸೀರೆ ಉಟ್ಟಿದ್ದೆ, ಸಂಬಂಧ ನೋಡಲು ಹೊರಟವಳಂತೆ. ಡಾಕ್ಟರು ಕಾಗದದ ಹಿಂಬದಿಯಲ್ಲಿ ಎರಡು ಹೊಟ್ಟೆ ಬರೆದರು. “ಬಘಾ ವಹಿನಿ, ನೋಡ್ರಿ ಅಕ್ಕಾರ, ಎರಡು ದಾರಿ ಅದಾವ. ಇದು ಸ್ಲೀವ್. ಹೊಟ್ಟಿಯ ದೊಡ್ಡ ಭಾಗ ಕತ್ತರಿಸಿ ತಗದುಬಿಡ್ತೇವಿ, ಬಾಳಿಕಾಯಿ ಆಕಾರದ ಸಣ್ಣ ಚೀಲ ಉಳೀತೈತಿ. ಕರುಳಿಗೆ ಕೈ ಹಚ್ಚೂದಿಲ್ಲ. ಇದು ಬೈಪಾಸ್. ಮ್ಯಾಲ ಸಣ್ಣ ಚೀಲ ಮಾಡಿ, ಕರುಳು ತಂದು ಅದಕ್ಕ ಜೋಡಿಸ್ತೇವಿ. ಉಂಡದ್ದು ಅಡ್ಡದಾರಿಲೆ ಹೋಗ್ತೈತಿ. ಸಕ್ರಿ ಕಾಯಿಲಿಗೆ ಇದು ಭಾಳ ಚಲೋ. ಆದರ ಸಾಯೂತನ ವಿಟಮಿನ್ ಗುಳಿಗಿ ಬಿಡಂಗಿಲ್ಲ, ವರ್ಷಾ ರಕ್ತ ತೋರಿಸಬೇಕು.” ಬ್ಯಾಂಡ್ ಎಂಬ ಮೂರನೆಯದೂ ಇದೆಯಲ್ಲ, ಬೇಡವೆಂದರೆ ಬಿಚ್ಚಬಹುದಂತಲ್ಲ ಎಂದು ನಾನು ಬಾಯಿ ಹಾಕಿದೆ. ಅದನ್ನು ಈಗ ಹೆಚ್ಚಾಗಿ ಹಾಕುವುದಿಲ್ಲ ಎಂದರು. ಆಮೇಲೆ ನಿನ್ನ ಕಡೆ ತಿರುಗಿ ಕೇಳಿದರು: “ಎದಿ ಉರೀತೈತೇನ್ರಿ?” ನೀನು ನನ್ನ ಮುಖ ನೋಡಿದೆ. “ಉರೀತೈತ್ರಿ. ಎರಡು ದಿಂಬು ಇಟ್ಕೊಂಡ ಮಲಗ್ತೇನ್ರಿ” ಅಂದೆ. ನನಗೆ ಅದು ಗೊತ್ತೇ ಇರಲಿಲ್ಲ. ದಿಂಬು ಎರಡಿದ್ದದ್ದನ್ನು ನೋಡಿದ್ದೆ, ಯಾಕೆಂದು ಒಂದು ದಿನವೂ ಕೇಳಿರಲಿಲ್ಲ. “ಹಂಗಿದ್ರ ಬೈಪಾಸ್ ಮಾಡಿಸ್ಕೊಳ್ರಿ. ಸ್ಲೀವ್ ಮಾಡಿದ್ರ ಉರಿ ಹೆಚ್ಚಾಗಬಹುದು” ಎಂದರು ಡಾಕ್ಟರು. ನೀನು ಕೂಡಲೇ ಹೂಂ ಅಂದೆ.

“ಸ್ವಲ್ಪ ತಡೀರಿ” ಎಂದವನು ನಾನು. ಕಾರಿನಲ್ಲಿ ಬರುವಾಗ ನನ್ನ ಸೋದರಮಾವನ ಕತೆ ತೆಗೆದೆ. ರಾಯಬಾಗದ ಆ ಮಾವ ಕರುಳಿನ ಆಪರೇಶನ್ ಆಗಿ ಮನೆಗೆ ಬಂದವನು ತಿಂಗಳೊಳಗೆ ತೀರಿಕೊಂಡಿದ್ದ. ಅವನದು ಕರುಳು ಕೊಳೆತ ಕೇಸು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ನೀನು ಹೇಳಿದೆ. ನಾನು ಕೇಳಲಿಲ್ಲ. “ಕರುಳು ಮುಟ್ಟೂದು ಬ್ಯಾಡ. ಹೊಟ್ಟಿ ಸಣ್ಣದು ಮಾಡ್ಲಿ, ಸಾಕು. ಬಳ್ಳಿ ಕತ್ತರಿಸಿದ್ರ ಬಳ್ಳಿ ಚಿಗರ್ತೈತಿ, ಬೇರಿಗೆ ಯಾಕ ಕೈ ಹಚ್ಚಬೇಕು?” ಎಂದೆ. ಏನು ಜಾಣತನ. ಮೂವತ್ತು ವರ್ಷ ದ್ರಾಕ್ಷಿ ಬೆಳೆದವನಿಗೆ ಹೆಂಡತಿಯ ಹೊಟ್ಟೆಯೂ ಗೊತ್ತಿರಲೇಬೇಕು, ಅಲ್ಲವೇ? ಇನ್ನೊಂದು ಮಾತನ್ನು ಇವತ್ತು ನಿನ್ನ ಮುಂದೆ ಒಪ್ಪಿಕೊಳ್ಳುತ್ತೇನೆ. ವರ್ಷವರ್ಷ ರಕ್ತ ತೋರಿಸಲು ಕರೆದುಕೊಂಡು ಬರಬೇಕು ಎಂದು ಡಾಕ್ಟರು ಹೇಳಿದಾಗ, ಕೊಯ್ಲಿನ ದಿನಗಳಲ್ಲಿ ಅದು ಹೇಗೆ ಸಾಧ್ಯ ಎಂದು ನನ್ನ ಮನಸ್ಸು ಲೆಕ್ಕ ಹಾಕಿತ್ತು. ಹೆದರಿಕೆ ನಿಜ, ಸುಳ್ಳಲ್ಲ. ಆದರೆ ಹೆದರಿಕೆಯ ಪಕ್ಕದಲ್ಲಿ ಅದೂ ಇತ್ತು.

ಎರಡನೆಯ ಸಲ ಹೋದಾಗ ಗಂಟಲಿನಿಂದ ದುರ್ಬೀನಿನ ನಳಿಕೆ ಇಳಿಸಿ ನೋಡಿದ್ದರು. ಅನ್ನನಾಳದ ತುದಿ ಸ್ವಲ್ಪ ಕೆಂಪಾಗಿದೆ ಎಂದರು. ಸ್ಲೀವ್ ಮಾಡಲು ಬಾರದೆಂದಲ್ಲ, ಆದರೆ ತಾವು ಹೇಳಿದ್ದನ್ನು ಮರೆಯಬೇಡಿ ಎಂದರು. ಮತ್ತೆ ನಿನ್ನನ್ನು ಕೇಳಿದರು, ಈಗ ಉರಿ ಹೇಗಿದೆ ಎಂದು. ನೀನು ಈ ಸಲ ನನ್ನ ಮುಖ ನೋಡಲಿಲ್ಲ. ಮೇಜಿನ ಮೇಲಿನ ಪೆನ್ನು ನೋಡುತ್ತ ಹೇಳಿದೆ: “ಈಗೀಗ ಕಡಿಮಿ ಆಗೈತ್ರಿ. ಸಣ್ಣದ ಮಾಡ್ರಿ.” ಅದು ಸುಳ್ಳೆಂದು ನನಗೆ ಆಗಲೇ ಗೊತ್ತಾಗಿತ್ತು. ಅದೇ ದಿನ ಬೆಳಗ್ಗೆ ನೀನು ತಣ್ಣನೆಯ ಹಾಲು ಕುಡಿದು ಎದೆ ತಿಕ್ಕಿಕೊಳ್ಳುವುದನ್ನು ನೋಡಿದ್ದೆ. ಆದರೂ ಸುಮ್ಮನೆ ಕುಳಿತೆ. ಆ ಒಂದು ಗಳಿಗೆಯಲ್ಲಿ ನಾನು ಬಾಯಿ ತೆರೆದಿದ್ದರೆ...

ಮೊದಲ ವರ್ಷ ಚೆನ್ನಾಗಿತ್ತು, ಅದನ್ನೂ ಬರೆಯದಿದ್ದರೆ ತಪ್ಪಾಗುತ್ತದೆ. ಎಂಟು ವರ್ಷದ ಮೇಲೆ ನೀನು ನನ್ನ ಮೋಟರ್ ಸೈಕಲ್ ಹತ್ತಿದೆ. ಅಥಣಿ ಪೇಟೆಗೆ ಹೋಗಿ ರವಿಕೆಗಳನ್ನು ಚಿಕ್ಕದು ಮಾಡಿಸಿಕೊಂಡು ಬಂದೆವು. ದರ್ಜಿ ಒಂದೊಂದು ರವಿಕೆಯನ್ನೂ ಅಳೆದು, “ಇದು ಇಬ್ಬರದ ಬಟ್ಟಿ ಆಕ್ಕತಲ್ರಿ ಅಕ್ಕಾರ” ಎಂದಾಗ ನೀನು ನಾಚಿಕೊಂಡು ನಕ್ಕೆ. ತವರಿಗೆ, ಏಕಸಂಬಿಗೆ ಹೋಗಿ ಅಟ್ಟ ಹತ್ತಿ ಹಳೆಯ ಪಾತ್ರೆ ಇಳಿಸಿದೆಯಂತೆ. ನಿನ್ನ ತಮ್ಮ ಬಾಳು ಫೋನ್ ಮಾಡಿ ಹೇಳಿದ್ದ. ನಾನು ಆಗ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ, ನೋಡಿ, ಡಾಕ್ಟರು ದೊಡ್ಡದು ಅಂದಿದ್ದರು, ನಾನೇ ಸಣ್ಣದು ಸಾಕು ಅಂದೆ ಎಂದು.

ಅಕ್ಕಿಯ ಡಬ್ಬಿಯಲ್ಲಿ ಕೈಗೆ ಗುಳಿಗೆಯ ಪಾಕೀಟುಗಳು ಸಿಕ್ಕಿದ್ದು ಎರಡನೆಯ ವರ್ಷದ ಮಳೆಗಾಲದಲ್ಲಿ. ಎಲ್ಲ ಖಾಲಿ, ಎಲ್ಲ ಎದೆಯುರಿಯದೇ. ಆ ಹೊತ್ತಿಗೆ ನೀನು ಗೋಡೆಗೆ ಒರಗಿ ಕುಳಿತೇ ಮಲಗುತ್ತಿದ್ದೆ. ರೊಟ್ಟಿ ಇಳಿಯುತ್ತಿರಲಿಲ್ಲ, ಪಲ್ಯ ಇಳಿಯುತ್ತಿರಲಿಲ್ಲ, ಇಳಿಯುತ್ತಿದ್ದದ್ದು ಚಹಾ ಮತ್ತು ಅದರಲ್ಲಿ ಅದ್ದಿದ ಬಿಸ್ಕತ್ತು. ಅದನ್ನೇ ದಿನವಿಡೀ ಚೂರು ಚೂರು ತಿಂದು ಇಳಿದ ತೂಕದ ಅರ್ಧ ಮತ್ತೆ ಏರಿತ್ತು. ನೋಡಿದವರು “ಬಾಯಿ ಕಟ್ಟಲಿಲ್ಲ ಬಿಡ್ರಿ” ಎಂದರು. ನಾನೂ ಒಂದೆರಡು ಸಲ ಹಾಗೆ ಅಂದುಕೊಂಡದ್ದುಂಟು. ಗುಳಿಗೆಯ ಪಾಕೀಟು ಕೈಯಲ್ಲಿ ಹಿಡಿದು ಯಾಕೆ ಮುಚ್ಚಿಟ್ಟೆ ಎಂದು ಕೇಳಿದೆ. “ಹೇಳಿದ್ರ ನಿಮಗ ಹಳಹಳಿ ಆಗ್ತಿತ್ತು” ಅಂದೆ. ನಿನ್ನ ಎದೆ ಉರಿಯುವಾಗ ನನ್ನ ಹಳಹಳಿಯ ಚಿಂತೆ ಮಾಡಿದೆಯಲ್ಲ, ನಿನಗೆ ಏನನ್ನಲಿ?

ಮತ್ತೆ ಅದೇ ಡಾಕ್ಟರ ಎದುರು ಕುಳಿತಾಗ ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಸ್ಲೀವನ್ನು ಈಗ ಬೈಪಾಸ್ ಮಾಡಬೇಕು, ಒಮ್ಮೆ ಕತ್ತರಿಸಿದಲ್ಲಿ ಮತ್ತೆ ಕತ್ತರಿಸುವುದು ಮೊದಲಿನಷ್ಟು ಸರಳವಲ್ಲ, ಅಪಾಯ ಹೆಚ್ಚು ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ನೀನು ಕನ್ನಡಕ ಹಾಕಿಕೊಂಡು ಕಾಗದ ಓದಿ ಸಹಿ ಮಾಡಿದೆ. ಆಪರೇಶನ್ ಸುಸೂತ್ರವಾಗಿ ಆಯಿತು. ಐದನೆಯ ದಿನ ಮನೆಗೆ ಬಂದೆ. ರಕ್ತ ಹೆಪ್ಪುಗಟ್ಟದಂತೆ ದಿನವೂ ಇಂಜೆಕ್ಷನ್ ಇತ್ತು. ಅವರು ಹೇಳಿದಂತೆ ಅಂಗಳದಲ್ಲಿ ಹತ್ತು ಸುತ್ತು ತಿರುಗುತ್ತಿದ್ದೆ. ಉರಿ ಹೋಗಿದೆ ಎಂದು ಎಷ್ಟು ಹಗುರವಾಗಿ ಹೇಳಿದೆ, ಎರಡು ವರ್ಷದ ಮೇಲೆ ಚಪ್ಪಟೆ ಮಲಗಿದೆ ಎಂದು.

ಹನ್ನೊಂದನೆಯ ದಿನದ ಬೆಳಗ್ಗೆ ನೀನು ಕಟ್ಟೆಯ ಮೇಲೆ ಕುಳಿತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದೆ. “ಉಸಿರು ಬರವಲ್ದು” ಅಂದೆ. ಅಷ್ಟೇ ಮೆಲ್ಲಗೆ, ಉಪ್ಪು ತೀರಿದೆ ಎಂದು ಹೇಳುವ ದನಿಯಲ್ಲಿ. ಕಾರಿನಲ್ಲಿ ಹಿಂದಿನ ಸೀಟಿಗೆ ಒರಗಿಸಿ ಹೊರಟೆ. ನೀನು ಕಿಟಕಿಯಿಂದ ಮೇಲೆ ನೋಡಿ, “ಮೋಡ ಆಗೈತಿ. ಶೆಡ್ಡಿನ ಪರದೆ ಇಳಸಾಕ ಹೇಳ್ರಿ, ಮನೂಕ ತೊಯ್ತಾವ” ಅಂದೆ. ಒಣಗಲು ಹರಡಿದ ದ್ರಾಕ್ಷಿಯ ಚಿಂತೆ ನಿನಗೆ. ನಾನು ಹೂಂ ಅಂದು ಗಾಡಿ ಓಡಿಸಿದೆ. ಕಾಗವಾಡ ಬರುವಷ್ಟರಲ್ಲಿ ಏನೋ ಕೇಳಿದೆ, ನೀನು ಉತ್ತರ ಕೊಡಲಿಲ್ಲ. ಏನು ಕೇಳಿದ್ದೆನೆಂದು ಕೂಡ ಈಗ...

ಡಾಕ್ಟರನ್ನು ಆಮೇಲೆ ಒಂದು ದಿನ ಹೋಗಿ ಕಂಡೆ. ಇಂಜೆಕ್ಷನ್ ಇದ್ದರೂ ಕೆಲವರಿಗೆ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಪುಪ್ಪುಸಕ್ಕೆ ಏರುತ್ತದೆ ಎಂದರು. ನಾನು ಕೇಳಿದೆ: “ಮೊದಲ ಬೈಪಾಸ್ ಮಾಡಿಸಿದ್ರ ಬದುಕತಿದ್ಲೇನ್ರಿ?” “ಹೇಳಾಕ ಬರೂದಿಲ್ರಿ. ಮೊದಲನೇದ್ರಾಗೂ ಹಿಂಗ ಆಗಬಹುದಿತ್ತು. ಆದರ ಎರಡನೇದು ಬೇಕಾಗ್ತಿರಲಿಲ್ಲ” ಎಂದರು. ಆ ಕೊನೆಯ ಮಾತನ್ನು ಅವರು ನುಂಗಬಹುದಿತ್ತು. ನುಂಗಲಿಲ್ಲ. ಬಾಳು ಅಂತೂ ದಿವಸದ ಕಾರ್ಯ ಮುಗಿಸಿ ಹೊರಟಾಗ ಬಾಗಿಲಲ್ಲಿ ನಿಂತು, “ಮಾವ, ಸಣ್ಣದು ಸಾಕು ಅಂದವ್ರು ನೀವ ಅಲ್ರಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದ. ಆಮೇಲೆ ಅವನು ನಮ್ಮ ಹೊಸ್ತಿಲು ತುಳಿಯಲಿಲ್ಲ.

ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಸ್ವಾತಿ ಚಿಕ್ಕೋಡಿಯಿಂದ ಬಂದಳು. ಅಲ್ಲಿಯ ಸಹಕಾರಿ ಸಂಘದ ಕೆಲಸ ಬಿಟ್ಟಿಲ್ಲ. ಮೈ ನಿನ್ನದೇ, ಆ ವಯಸ್ಸಿನಲ್ಲಿ ನೀನಿದ್ದುದಕ್ಕಿಂತ ಹೆಚ್ಚೇ. ಸಕ್ಕರೆ ಈ ವರ್ಷ ಕಾಣಿಸಿಕೊಂಡಿದೆ. ಬೆಳಗಾವಿಯಲ್ಲಿ ಬೇರೆ ಡಾಕ್ಟರಿಗೆ ತೋರಿಸಿದ್ದಾಳೆ. ನನ್ನ ಮುಂದೆ ಕುಳಿತು ಹೇಳಿದಳು: “ಅಪ್ಪಾ, ನನಗ ಉರಿ ಇಲ್ಲ. ದುರ್ಬೀನ್ ಹಾಕಿ ನೋಡ್ಯಾರ, ಒಳಗೆಲ್ಲ ಸ್ವಚ್ಛ ಐತಂತ. ಸ್ಲೀವ್ ಸಾಕು ಅಂತಾರ. ಬೈಪಾಸೂ ಮಾಡಬಹುದು ಅಂತಾರ. ನೀವೇನಂತೀರಿ?” ನನ್ನನ್ನು ಕೇಳಲು ಬಂದಿದ್ದಳು, ತಿಳಿಯಿತೇ? ಎಲ್ಲ ಆದ ಮೇಲೂ ನನ್ನನ್ನು. ಸ್ಲೀವ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಬಾಯಿ ಹಾಕಿದೆ.

“ಬ್ಯಾಡವ್ವಾ. ಬೈಪಾಸ್ ಮಾಡಿಸ್ಕೋ. ಸ್ಲೀವ್ ಹೆಸರ ತಗೀಬ್ಯಾಡ” ಎಂದೆ.

“ಡಾಕ್ಟರ್ ನನ್ನ ಹೊಟ್ಟಿ ನೋಡಿ ಹೇಳ್ಯಾರ. ನೀವು ಯಾರ ಹೊಟ್ಟಿ ನೋಡಿ ಹೇಳಾಕತ್ತೀರಿ?”

“ನಿಮ್ಮವ್ವಂದು.”

ಅವಳು ಚಹಾದ ಬಸಿ ಕೆಳಗಿಟ್ಟಳು. “ಅವ್ವಂದು ಹೇಳೂವಾಗ ಯಾರ್ದು ನೋಡಿದ್ರಿ?”

ರಾಯಬಾಗದ ಮಾವ ಸತ್ತು ಎಷ್ಟೋ ಕಾಲವಾಗಿತ್ತು. ಅವನ ಹೊಟ್ಟೆ ನೋಡಿ ನಿನ್ನದನ್ನು ನಿರ್ಧರಿಸಿದೆ, ನಿನ್ನದನ್ನು ನೋಡಿ ಮಗಳದನ್ನು ನಿರ್ಧರಿಸಲು ಹೊರಟಿದ್ದೆ. ನನ್ನ ಎದುರಿಗೆ ಕುಳಿತವರ ಹೊಟ್ಟೆ ನನಗೆ ಯಾವಾಗಲೂ ಕಾಣಿಸಲೇ ಇಲ್ಲವೇ? ಇಷ್ಟು ತಿಳಿದ ಮೇಲಾದರೂ ಸುಮ್ಮನಿರಬೇಕಿತ್ತು. ಸುಮ್ಮನಿರಲಿಲ್ಲ. ಕೈ ಮುಗಿದು ಅತ್ತು, ನನ್ನ ಮೇಲೆ ಆಣೆ ಹಾಕಿದೆ. ಅವಳು ಎದ್ದು ಬ್ಯಾಗು ಹೆಗಲಿಗೇರಿಸಿದಳು. “ಅವ್ವ ನಿಮ್ಮ ಸಲುವಾಗಿ ಸುಳ್ಳ ಹೇಳಿದ್ಲು. ನನಗ ಆ ಕೆಲಸ ಹಚ್ಚಬ್ಯಾಡ್ರಿ” ಎಂದು ಹೇಳಿ ಹೋದಳು. ನೀನು ಅವಳಿಗೆ ಹೇಳಿದ್ದೆಯಾ? ಯಾವಾಗ ಹೇಳಿದೆ? ನನಗೆ ಹೇಳದೆ ಅವಳಿಗೆ ಇನ್ನೇನೇನು ಹೇಳಿದ್ದೆ?

ಮೂರು ವಾರ ಅವಳ ಫೋನ್ ಬರಲಿಲ್ಲ, ನಾನು ಮಾಡಿದರೆ ಎತ್ತಲಿಲ್ಲ. ಮೊನ್ನೆ ಗುರುವಾರ ಸಂಜೆ ಬಾಳುವಿನ ಫೋನ್ ಬಂತು. ದಿವಸದ ನಂತರ ಅವನ ದನಿ ಕೇಳಿದ್ದು ಅದೇ ಮೊದಲು. ನಿನಗೆ ಹೇಳಬೇಕೆಂದ ಸುದ್ದಿ ಇದೇ. ನಮ್ಮ ಸ್ವಾತಿಯ ಆಪರೇಶನ್ ಮಂಗಳವಾರ ಆಗಿದೆ. ಮನೆಯವರು ಸಹಿ ಮಾಡುವ ಜಾಗದಲ್ಲಿ ಬಾಳು ಸಹಿ ಮಾಡಿದ್ದಾನೆ. ಚೆನ್ನಾಗಿದ್ದಾಳಂತೆ, ಎದ್ದು ಓಡಾಡುತ್ತಿದ್ದಾಳಂತೆ, ಚಮಚದಲ್ಲಿ ಬೇಳೆಯ ಕಟ್ಟು ಕುಡಿಯುತ್ತಿದ್ದಾಳಂತೆ. ಗುಣವಾಗುವ ತನಕ ಏಕಸಂಬಿಯಲ್ಲಿ, ನಿನ್ನ ತವರಿನಲ್ಲೇ ಇರುತ್ತಾಳಂತೆ.

“ಯಾವ್ದು ಮಾಡ್ಯಾರ?” ಎಂದು ಕೇಳಿದೆ.

ಬಾಳು ಹೇಳಿದ: “ಅದನ್ನ ನಿಮಗ ಹೇಳಬ್ಯಾಡ ಅಂದಾಳ್ರಿ.”

ಅವಳ ಒಳಗೆ ಏನನ್ನು ಕತ್ತರಿಸಿದ್ದಾರೆ, ಯಾವುದನ್ನು ಯಾವುದಕ್ಕೆ ಜೋಡಿಸಿದ್ದಾರೆ, ನನಗೆ ಗೊತ್ತಿಲ್ಲ. ನಾನು ಬದುಕಿರುವ ತನಕ ಗೊತ್ತಾಗುವುದೂ ಇಲ್ಲವೇನೋ. ಇಷ್ಟು ಮಾತು ಕೊಡುತ್ತೇನೆ. ಅವಳು ಈ ಮನೆಗೆ ಬಂದರೆ, ಬರದಿದ್ದರೂ, ನಾನು ಕೇಳುವುದಿಲ್ಲ.