ತೂಬಿನಲ್ಲಿ ನೀರು ಹರಿದ ಬೆಳಿಗ್ಗೆ

ದಾವಣಗೆರೆ
ಫೆಬ್ರುವರಿ 30, 2209

ಕಾಲುವೆಯಲ್ಲಿ ನೀರು ಹರಿಯುವುದನ್ನು ಕಾಣುತ್ತಿರುವ ಹಿರಿಯರಿಗೆ ಮುಕ್ತಾಳ ನಮಸ್ಕಾರ.

ಇಂಥ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ, ನಮ್ಮದರಲ್ಲಿದೆ. ನನ್ನ ಕನ್ನಡವೂ ಅಲ್ಲಲ್ಲಿ ವಿಚಿತ್ರವೆನಿಸಬಹುದು, ಮನ್ನಿಸಿ.

ನಮ್ಮ ಓಣಿಯ ಕೊನೆಯಲ್ಲಿ ಬೇವಿನ ನೆರಳಿನ ಪುಟ್ಟದೊಂದು ಉದ್ಯಾನವಿದೆ. ಅದರ ನಡುವೆ ನಿಮ್ಮ ಕಾಲದ ಕಾಲುವೆಯ ತೂಬು ಉಳಿದಿದೆ: ಕಲ್ಲಿನ ಕಮಾನು, ತುಕ್ಕು ತಿಂದು ಅರ್ಧವಾದ ಗೇಟು, ಕೆಳಗೆ ಸವೆದ ಮೆಟ್ಟಿಲುಗಳು, ಆಮೇಲೆ ಬರೀ ಹುಲ್ಲು. ಕಾಲುವೆಯ ಉಳಿದ ಭಾಗದ ಮೇಲೆ ಮನೆಗಳೆದ್ದಿವೆ. ನಮಗೆ ನೀರು ಬರುವುದು ಮಂಜುಗಂಬದಿಂದ. ಗಾಳಿಯ ತೇವವನ್ನು ಹೀರಿ ಕೊಳವೆಗೆ ಇಳಿಸುವ ಎತ್ತರದ ಕಂಬವದು. ನೀರು ಸದ್ದಿಲ್ಲದೆ ಬಂದು ಕೊಡ ತುಂಬುತ್ತದೆ.

ಓಣಿಯಲ್ಲಿ ಹರಿಯುವ ನೀರನ್ನು ಕಂಡಿದ್ದವಳು ನನ್ನ ಸೋದರತ್ತೆ ಕೊಟ್ರಮ್ಮ ಒಬ್ಬಳೇ. ಚಿಕ್ಕಂದಿನಲ್ಲಿ ಅವ್ವನೊಂದಿಗೆ ಆ ಮೆಟ್ಟಿಲುಗಳ ಮೇಲೆ ಕೌದಿ ಒಗೆದವಳು. ಒಮ್ಮೆ ಕೌದಿ ಕೈಜಾರಿ ತೇಲಿಹೋದಾಗ ಅವ್ವ ಸೀರೆಯುಟ್ಟೇ ಧುಮುಕಿದ್ದನ್ನು ಹೇಳುತ್ತ ತಾನೇ ಮೊದಲು ನಗುತ್ತಿದ್ದಳು.

ಹೋದ ವರ್ಷ ಹೊಸ ಮಂಜುಗಂಬಕ್ಕಾಗಿ ತೂಬನ್ನು ಕೆಡವುವುದೆಂದಾಯಿತು. ಕಂಬ ನಮಗೂ ಬೇಕಿತ್ತು; ಯಾರೂ ಎದುರಾಡಲಿಲ್ಲ. ಎಂಜಿನಿಯರ್ ಅಸ್ಮಾ ಯಂತ್ರದೊಂದಿಗೆ ಬಂದ ಬೆಳಿಗ್ಗೆ ಅತ್ತೆ ಕೋಲೂರಿಕೊಂಡು ಹೋಗಿ ಅವರೆದುರು ನಿಂತಳು.

"ಕೆಡವಬ್ಯಾಡ ಅನ್ನಲ್ಲ ತಾಯಿ. ಒಂದ್ಸಲ ಇದ್ರಾಗ ನೀರು ಬೀಳೋದು ಕೇಳ್ಬೇಕು, ಅಷ್ಟ."

"ನೀರೆಲ್ಲಿಂದ ತರ್ತೀರಿ ಅಜ್ಜಿ?"

ನೀರು ಹಿಡಿದುಕೊಂಡು ಅತ್ತ ಬಂದಿದ್ದ ನನ್ನ ಸೊಂಟದ ಮೇಲಿನ ಕೊಡವನ್ನು ಅತ್ತೆ ತೋರಿಸಿದಳು. ನಾನು ಅದನ್ನು ಗೇಟಿನ ಹಿಂದೆ ಸುರಿದೆ. ಒಣ ಕಲ್ಲು ಅಷ್ಟನ್ನೂ ಕುಡಿದುಬಿಟ್ಟಿತು. ಅತ್ತೆಯ ಮುಖ ನೋಡಲಾರದೆ ತಲೆ ತಗ್ಗಿಸಿದೆ. ಆಗ ಎದುರುಮನೆಯ ನಿಂಗರಾಜ ಒಳಹೋಗಿ ತನ್ನ ಕೊಡ ತಂದ. ಅವನ ಹಿಂದೆ ಓಣಿಗೆ ಓಣಿಯೇ ಬಂತು, ಅಂದಿನ ಅಡುಗೆಯ ನೀರು, ಸ್ನಾನದ ನೀರು ಹೊತ್ತುಕೊಂಡು. ಎಲ್ಲರೂ ಒಟ್ಟಿಗೆ ಸುರಿದಾಗ ನೀರು ಕಮಾನು ದಾಟಿ ಮೆಟ್ಟಿಲುಗಳ ಮೇಲೆ ಧುಮುಕಿತು. ಆ ಸದ್ದಿಗೆ ಮಕ್ಕಳು ಬೆಚ್ಚಿ ಹಿಂದೆ ಸರಿದು, ಆಮೇಲೆ ಕೇಕೆ ಹಾಕಿದರು.

"ಇಷ್ಟ ಅಲ್ಲ," ಎಂದಳು ಅತ್ತೆ, ಕಣ್ಣೊರೆಸಿಕೊಳ್ಳುತ್ತ. "ಆಗಿನ ಸದ್ದು ಭಾಳ ದೊಡ್ಡದಿತ್ತು."

ಅಸ್ಮಾ ಒದ್ದೆ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದು, ಯಂತ್ರವನ್ನು ವಾಪಸು ಕಳಿಸಿದರು. ಕಂಬ ಈಗ ದೂರದ ಬೀದಿಯಲ್ಲಿದೆ. ನಮಗೆ ನೀರು ತಡವಾಗಿ ಬರುತ್ತದೆ, ಯಾರೂ ಗೊಣಗುವುದಿಲ್ಲ. ಅತ್ತೆ ಈ ಚಳಿಗಾಲದಲ್ಲಿ ತೀರಿಕೊಂಡಳು.

ನಿಮ್ಮಲ್ಲಿ ಒಂದೇ ಕೋರಿಕೆ. ನಾಳೆ ಕಾಲುವೆಯ ಪಕ್ಕ ಹಾದುಹೋಗುವಾಗ ಗಾಡಿ ನಿಲ್ಲಿಸಿ, ಸ್ವಲ್ಪ ಹೊತ್ತು ಕಿವಿಗೊಡಿ. ಆ ಸದ್ದು ಎಷ್ಟು ದೊಡ್ಡದೆಂದು ಹೇಳಬಲ್ಲವರು ನಮ್ಮಲ್ಲಿ ಈಗ ಯಾರೂ ಇಲ್ಲ.

ನಿಮ್ಮ ಮರಿಮಗಳಂಥವಳು,
ಮುಕ್ತಾ