ಊಟದ ಹೊತ್ತಿನ ಚಿಲಕ

ಗೋಣಿಬೀಡು,
ಬುಧವಾರ, ೮ ಡಿಸೆಂಬರ್ ೧೯೯೯

ಪ್ರೀತಿಯ ಅಮ್ಮಾ,

ನಿನ್ನ ಸೊಂಟನೋವು ಹೇಗಿದೆ? ಅಕ್ಕನಿಗೆ ಎಣ್ಣೆ ಹಚ್ಚುವಾಗ ನೀನೂ ಒಂದಿಷ್ಟು ಹಚ್ಚಿಕೋ, ಧಾರವಾಡದ ಚಳಿಗೆ ನಿನ್ನನ್ನು ನೋಡಿಕೊಳ್ಳಲು ಇನ್ನೊಬ್ಬರು ಬರಬೇಕಾದೀತು. ಬಾಣಂತಿಗೆ ನಿದ್ದೆ ಸಿಗುತ್ತಿದೆಯೇ? ಪಾಪುವಿನ ಮೂಗು ನಮ್ಮ ಕಡೆಯದೋ ಭಾವನ ಕಡೆಯದೋ ಎಂದು ಅಪ್ಪ ದಿನಾ ನನ್ನನ್ನೇ ಕೇಳುತ್ತಾರೆ, ನಾನೇನು ನೋಡಿದ್ದೇನೆಯೇ. ಅಡುಗೆ ಈಗ ನನ್ನದೇ. ನೀನು ಹೋದ ಹೊಸತರಲ್ಲಿ ಅಪ್ಪ ಹುಮ್ಮಸ್ಸಿನಿಂದ ಕಡುಬು ಬೇಯಿಸಿದ್ದರು, ಅದನ್ನು ಶಾಲೆಯ ಹುಡುಗರಿಗೆ ಕ್ರಿಕೆಟ್ ಆಡಲು ಕೊಡಬಹುದಿತ್ತು. ಕಾಫಿ ಕೊಯ್ಲು ಶುರುವಾಗಿದೆ, ಅಂಗಡಿಯಲ್ಲಿ ಜನವೋ ಜನ. ಫೋನ್ ಇರುವುದೂ ಅಲ್ಲೇ, ಪಕ್ಕದಲ್ಲಿ ಅಪ್ಪ ಕೂತಿರುತ್ತಾರೆ. ಅದಕ್ಕೇ ಈ ಕಾಗದ.

ವಿಷಯ ಪ್ರಸಾದನದು. ಗಾಬರಿಯಾಗಬೇಡ ಎಂದು ಬರೆಯಬೇಕಿತ್ತು, ಆದರೆ ನನಗೇ ಗಾಬರಿಯಾಗಿದೆ. ಇಪ್ಪತ್ತೆರಡು ವರ್ಷ ಒಂದು ಮಾತೂ ಆಡದೆ, ಬರೀ ಕಣ್ಣಿನಲ್ಲೇ ನಿನಗೆ ಎಲ್ಲ ತಿಳಿಸುತ್ತಿದ್ದ ನನ್ನ ತಮ್ಮ ಈಗ ಊಟದ ಹೊತ್ತಿಗೆ ಬೇರೆಯೇ ಮನುಷ್ಯನಾಗುತ್ತಾನೆ. ಬೆಳಿಗ್ಗೆ ನನ್ನ ಜೊತೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮೂಡಿಗೆರೆಯವರೆಗೂ ನಗುತ್ತಾ ಬರುತ್ತಾನೆ. ನಾನು ಕಲಿಸುವ ಕೇಂದ್ರದಲ್ಲಿ ಉಳಿದವರ ಜೊತೆ ಕಾಗದದ ಕವರ್ ಅಂಟಿಸುತ್ತಾ ಸುಮ್ಮನಿರುತ್ತಾನೆ. ಮಧ್ಯಾಹ್ನ ತಟ್ಟೆ ಮುಂದಿಟ್ಟರೆ ಸಾಕು, ಅಂಗಿಯೊಳಗೆ ಕೈ ಹಾಕಿ ಎದೆ ತಡಕುತ್ತಾನೆ. ಆಮೇಲೆ ಮುಂಗೈ ಕಚ್ಚಿಕೊಂಡು ತಲೆಯನ್ನು ಗೋಡೆಗೆ ಚಚ್ಚುತ್ತಾನೆ. ಹೋದ ವಾರ ತಡೆಯಲು ಹೋದ ಆಯಾ ಮರಿಯಮ್ಮನವರನ್ನು ನೂಕಿಬಿಟ್ಟ. ಅವರು ಬಿದ್ದು ಕೈ ಮುರಿಯಿತು. ಪಾಪ, ಅವರು ಕೆಲಸಕ್ಕೆ ಬಂದದ್ದು ಕೈ ಮುರಿಸಿಕೊಳ್ಳಲಿಕ್ಕಲ್ಲವಲ್ಲ. ನೋಡಲು ಹೋದಾಗ ಅವನ ಹೆಸರೆತ್ತಿದರೆ ಬೆಚ್ಚುತ್ತಿದ್ದರು.

ಅವತ್ತಿನಿಂದ ಪರಮೇಶ್ವರಪ್ಪ ಸರ್ ಒಂದು ಪದ್ಧತಿ ಮಾಡಿದ್ದಾರೆ. ಪ್ರಸಾದ ಕೈ ಎತ್ತಿದ ಕೂಡಲೇ ಅಕ್ಕಿಮೂಟೆಗಳ ಉಗ್ರಾಣಕ್ಕೆ ದೂಡಿ, ಹೊರಗಿನಿಂದ ಚಿಲಕ ಹಾಕುವುದು. ಸರ್ ಕೆಟ್ಟವರಲ್ಲ, ನಿನಗೂ ಗೊತ್ತು. ಇಂಥ ಮಕ್ಕಳನ್ನು ಯಾರೂ ಮುಟ್ಟದ ಕಾಲದಲ್ಲಿ ತಮ್ಮ ಪೆನ್ಷನ್ ಹಾಕಿ ಕೇಂದ್ರ ಕಟ್ಟಿದವರು. ಹಾಗಾಗಿಯೇ ಅವರು ಮಾಡಿದ್ದೆಲ್ಲ ಸರಿ ಎಂದು ಊರು ನಂಬುತ್ತದೆ. ಸೋಮವಾರ ಒಳಗಿಂದ ಬಾಗಿಲು ಬಡಿಯುವ ಸದ್ದು ಒಮ್ಮೆಲೇ ನಿಂತಿತು. ಆ ಸದ್ದಿಗಿಂತ ಅದು ನಿಂತದ್ದಕ್ಕೇ ನನಗೆ ಜೀವ ಹೋದಂತಾಯಿತು. ಹೋಗಿ ಚಿಲಕ ತೆಗೆದೆ. ಮೂಟೆಗಳ ಸಂದಿಯಲ್ಲಿ ಮುದುಡಿ ಕೂತಿದ್ದ ಅಮ್ಮಾ, ಪ್ಯಾಂಟು ಒದ್ದೆಯಾಗಿತ್ತು. ನನ್ನನ್ನು ಕಂಡು ತಲೆಯ ಮೇಲೆ ಕೈ ಅಡ್ಡ ಹಿಡಿದ. ನನ್ನನ್ನು ಕಂಡು!

ಸರ್ ಆಫೀಸಿಗೆ ಕರೆದರು. "ನೀನಿಲ್ಲಿ ಟೀಚರೋ, ಅವನ ಅಕ್ಕನೋ? ಒಂದು ತೀರ್ಮಾನ ಮಾಡ್ಕ" ಎಂದರು.

"ಟೀಚರಾಗೇ ತೆಗ್ದಿದ್ದು ಸರ್. ಒಳಗೆ ಯಾರಿದ್ರೂ ತೆಗೀತಿದ್ದೆ" ಎಂದೆ.

ಇನ್ನೊಂದು ಸಲ ತೆಗೆದರೆ ನನಗೆ ಕೆಲಸವೂ ಇಲ್ಲ, ಅವನಿಗೆ ಜಾಗವೂ ಇಲ್ಲ ಎಂದು ಕಳಿಸಿದರು. ಕೆಲಸ ಹೋದರೆ ಹೋಗಲಿ. ಆದರೆ ಅಪ್ಪ ಆಗಲೇ ಯಾರನ್ನೋ ವಿಚಾರಿಸಿ, ಕಡೂರಿನ ಆಚೆ ಇಂಥವರನ್ನು ಇಟ್ಟುಕೊಳ್ಳುವ ಒಂದು ಜಾಗ ಇದೆಯಂತೆ ಎನ್ನುತ್ತಿದ್ದಾರೆ. ಟ್ರೈನಿಂಗಿನಲ್ಲಿದ್ದಾಗ ನಮ್ಮನ್ನು ಅಂಥ ಒಂದು ಕಡೆ ಕರೆದೊಯ್ದಿದ್ದರು. ಅಲ್ಲಿದ್ದವರ ಕಾಲಿನ ಸರಪಳಿ ಗಾಯ ನೋಡಿ ಎರಡು ದಿನ ನನಗೆ ಅನ್ನ ಸೇರಿರಲಿಲ್ಲ. ಚಿಲಕ ತೆಗೆದರೆ ಅವನು ಅಲ್ಲಿಗೆ, ತೆಗೆಯದಿದ್ದರೆ ಉಗ್ರಾಣಕ್ಕೆ. ಅತ್ತ ದರಿ, ಇತ್ತ ಪುಲಿ.

ಮಾತು ಬಾರದವರು ಮೈಯಿಂದಲೇ ಏನನ್ನೋ ಕೇಳುತ್ತಿರುತ್ತಾರೆ, ಶಿಕ್ಷೆ ಯೋಚಿಸುವ ಮೊದಲು ಏನು ಕೇಳುತ್ತಿದ್ದಾರೆ ನೋಡಿ ಎಂದು ಟ್ರೈನಿಂಗಿನಲ್ಲಿ ನಮಗೆ ಕಲಿಸಿದ್ದರು. ಅಷ್ಟೂ ದಿನ ಅವನು ಎದೆ ತಡಕುವುದನ್ನು ಎಲ್ಲರೂ ನೋಡಿದ್ದೆವು. ದಿನಾ ಅವನಿಗೆ ಸ್ನಾನ ಮಾಡಿಸುವುದು ಅಪ್ಪ. ಸೋಮವಾರ ನಾನೇ ಮಾಡಿಸಿ ಅಂಗಿ ತೊಡಿಸುವಾಗ ನೋಡಿದರೆ ಕೊರಳಲ್ಲಿ ಲಿಂಗದ ಕರಡಿಗೆಯೂ ಇಲ್ಲ, ಅದನ್ನು ಕಟ್ಟಿದ ಶಿವದಾರವೂ ಇಲ್ಲ. ಅಪ್ಪನನ್ನು ಕೇಳಿದೆ. ಅವನು ದಾರ ಕಚ್ಚಿ ಕಚ್ಚಿ, ಕರಡಿಗೆ ಕಣದಲ್ಲಿ ಬಿದ್ದು, ನೀವಿಬ್ಬರೂ ಕಾಫಿ ಹಣ್ಣಿನ ರಾಶಿಯನ್ನೆಲ್ಲ ಕೆದಕಿ ಹುಡುಕಿದಿರಂತೆ. ಲಿಂಗ ಕಳೆದರೆ ಪ್ರಾಣ ಕಳೆದಂತೆ ಎಂದು ಹೆದರಿ, ನಿನ್ನ ಲಿಂಗದ ಜೊತೆಗೆ ಅವನದಕ್ಕೂ ಪೂಜೆಯಾಗಲಿ ಎಂದು ನೀನು ಧಾರವಾಡಕ್ಕೆ ಒಯ್ದೆಯಂತೆ. ಭಕ್ತಿಯಿಂದಲೇ ಮಾಡಿದ್ದೀಯ, ನನಗೆ ಕೋಪವಿಲ್ಲ. ಆದರೆ ಕರಡಿಗೆಯನ್ನು ಕಣ್ಣಿಗೊತ್ತಿಕೊಳ್ಳದೆ ತುತ್ತು ಎತ್ತಬಾರದು ಎಂದು ಅವನಿಗೆ ಕಲಿಸಿದವಳು ನೀನೇ ಅಲ್ಲವೇ? ಅವನು ಕಲಿತದ್ದೇ ನಾಲ್ಕು ವಿಷಯ. ಅದರಲ್ಲಿ ಒಂದನ್ನು ಸರಿಯಾಗಿ ಪಾಲಿಸುತ್ತಿದ್ದಾನೆ, ಅದಕ್ಕೆ ಚಿಲಕ. ಮನೆಯಲ್ಲಿ ದೇವರ ಗೂಡಿನ ಮುಂದೆ ಕೂರಿಸಿದರೆ ಹೇಗೋ ಎರಡು ತುತ್ತು ತಿನ್ನುತ್ತಾನೆ. ಬರೀ ದಾರ ಕಟ್ಟಿ ನೋಡಿದೆ, ಕಿತ್ತೆಸೆದ.

ನಿನ್ನೆ ಸರ್‌ಗೆ ಇದನ್ನೇ ಹೇಳಿದೆ. "ಪೂಜೆ ವಿಷ್ಯ ಮನೇಲಿಟ್ಕ. ಮರಿಯಮ್ಮನ ಕೈ ಮುರ್ದಿದ್ದು ಸುಳ್ಳಾ?" ಎಂದು ಕೇಳಿದರು. ಸುಳ್ಳಲ್ಲ. ಬರುವ ಬುಧವಾರ ಕಮಿಟಿ ಸೇರಿ ಅವನನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ನಿರ್ಧರಿಸುತ್ತದೆ. ಅಷ್ಟರೊಳಗೆ ಕರಡಿಗೆಯನ್ನು ತಲುಪಿಸಲು ಏನಾದರೂ ದಾರಿ ನೋಡು. ಅಕ್ಕನನ್ನು ಹಸಿಮೈಯಲ್ಲಿ ಬಿಟ್ಟು ಬಾ ಎಂದು ಹೇಗೆ ಹೇಳಲಿ, ಭಾವನ ಕೈಯಲ್ಲಾದರೂ ಕಳಿಸು.

ಅಕ್ಕನಿಗೆ ಇದೇನನ್ನೂ ಹೇಳಬೇಡ, ಎದೆಹಾಲು ಬತ್ತೀತು. ಪಾಪುವಿಗೆ ಚಿಕ್ಕಮ್ಮನ ಮುತ್ತು, ಭಾವನಿಗೆ ನಮಸ್ಕಾರ. ನಿನ್ನ ಪಾದಕ್ಕೆ ಇಬ್ಬರ ಪರವಾಗಿಯೂ ನಾನೇ ನಮಸ್ಕರಿಸುತ್ತೇನೆ.

ನಿನ್ನ ಮಗಳು,
ರಶ್ಮಿ

ತಾ.ಕ.: ಗುರುವಾರ, ಮೂಡಿಗೆರೆ ಪೋಸ್ಟಾಫೀಸಿನಲ್ಲಿ ನಿಂತು ಬರೆಯುತ್ತಿದ್ದೇನೆ. ಭಾವನನ್ನು ಕಳಿಸುವುದು ಬೇಡ, ನೀನೇ ಬಾ. ಇವತ್ತು ಊಟದ ಗಂಟೆ ಹೊಡೆದ ಕೂಡಲೇ ಪ್ರಸಾದ ತಾನಾಗಿಯೇ ಎದ್ದು ಉಗ್ರಾಣದೊಳಗೆ ಹೋಗಿ ಬಾಗಿಲು ಎಳೆದುಕೊಂಡ. ಎದೆ ತಡಕಲಿಲ್ಲ, ಕೈ ಕಚ್ಚಲಿಲ್ಲ. "ನೋಡ್ದ್ಯಾ, ಸುಧಾರ್ಸಿದ" ಎಂದು ಸರ್ ಎಲ್ಲರಿಗೂ ಬೆಲ್ಲ ಹಂಚಿದರು. ಯಾರೂ ಚಿಲಕ ಹಾಕಿರಲಿಲ್ಲ ಅಮ್ಮಾ. ಬಾಗಿಲು ತೆರೆದು ನಿಂತು ಎಷ್ಟು ಕರೆದರೂ ಅವನು ಹೊರಗೆ ಬರಲಿಲ್ಲ.